ಆ ಬಚ್ಚೆಲಿಗೆ ಉದಾಸೀನವೆಂದು ಹೆಸರಿಡಬೇಡಿ

ನಮ್ಮ ಕಾಸರಗೋಡಿನಲ್ಲಿ ಸೋಮಾರಿತನಕ್ಕೆ ಉದಾಸೀನ ಎನ್ನುತ್ತಾರೆ, ದಣಿವಿಗೆ ಬಚ್ಚೆಲು. ಎರಡು ವರ್ಷಗಳ ಹಿಂದೆ ನಾನು ಖಿನ್ನತೆಯಲ್ಲಿದ್ದಾಗ ನನ್ನ ಬಚ್ಚೆಲಿಗೆ ಮನೆಯವರ ಬಾಯಲ್ಲಿ, ಕೊನೆಗೆ ನನ್ನ ಬಾಯಲ್ಲಿಯೂ, ಇದ್ದದ್ದು ಅದೊಂದೇ ಪದ.

ಒಂದು ಮಧ್ಯಾಹ್ನ ಅಂಗಳದ ತುಂಬ ಅಡಿಕೆ ಹರವಿತ್ತು. ಮೂಡುಗಡೆ ಮೋಡ ಕಟ್ಟಿ ಮೊದಲ ಹನಿ ಬಿದ್ದಾಗ ಅಮ್ಮ ಒಬ್ಬರೇ ಅದನ್ನು ಗೋರಿ ಗೋಣಿಗೆ ತುಂಬುತ್ತಿದ್ದರು. ನಾನು ಜಗಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದೆ. ಏಳಬೇಕೆಂದು ತಿಳಿಯದೆ ಅಲ್ಲ, ಅಮ್ಮನ ಮೇಲೆ ಮರುಕವಿಲ್ಲದೆಯೂ ಅಲ್ಲ. ತೊಡೆಗಳಲ್ಲಿ ಒದ್ದೆ ಮರಳು ತುಂಬಿದಂತಿತ್ತು. "ಉದಾಸೀನ ಬಿಡು ಮಗಾ, ಗೋಣಿಯ ಬಾಯಿಯನ್ನಾದರೂ ಹಿಡಿ" ಎಂದರು. ಅಷ್ಟೂ ಆಗಲಿಲ್ಲ.

ಈ ಬಚ್ಚೆಲು ಖಿನ್ನತೆಯ ಜೊತೆಗೆ ಬರುವ ಬೇರೊಂದು ಕಾಯಿಲೆಯಲ್ಲ, ಖಿನ್ನತೆಯೇ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 10ನೆಯ ಆವೃತ್ತಿ ಖಿನ್ನತೆಗೆ ಹೇಳಿದ 3 ಮುಖ್ಯ ಲಕ್ಷಣಗಳಲ್ಲಿ ಮಂಕುತನ ಮತ್ತು ನಿರಾಸಕ್ತಿಗಳ ಸಾಲಿನಲ್ಲಿಯೇ ಶಕ್ತಿಗುಂದುವಿಕೆಯೂ ಇದೆ. ನಸುಕಿನ 3 ಗಂಟೆಗೇ ಎಚ್ಚರವಾಗಿ ಬಿಡುವುದರಿಂದ, ಗಾಢ ನಿದ್ರೆಯ ಪಾಲೂ ಕಡಿಮೆಯಾಗುವುದರಿಂದ, ಹಲವರಿಗೆ ಎಂಟು ಗಂಟೆ ಮಲಗಿದರೂ ದೇಹಕ್ಕೆ ವಿಶ್ರಾಂತಿ ಸಿಗುವುದಿಲ್ಲ. ಜ್ವರ ಬಂದಾಗ ಮೈ ಕುಸಿಯುವಂತೆ ಮಾಡುವ ಸೈಟೊಕೈನ್ ಎಂಬ ರಾಸಾಯನಿಕಗಳು ಖಿನ್ನತೆಯುಳ್ಳ ಕೆಲವರ ರಕ್ತದಲ್ಲಿ ಜ್ವರವಿಲ್ಲದೆಯೂ ಹೆಚ್ಚಿರುತ್ತವೆ. ನನಗೆ ಎಲ್ಲಕ್ಕಿಂತ ಹೆಚ್ಚು ಮನವರಿಕೆಯಾದದ್ದು ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ವಿಚಾರ. ಯಾವುದೇ ಕೆಲಸಕ್ಕೆ ಏಳುವ ಮೊದಲು ಮಿದುಳು, ಪಡಬೇಕಾದ ಶ್ರಮವನ್ನೂ ಸಿಗಲಿರುವ ಫಲವನ್ನೂ ನಮಗೆ ತಿಳಿಯದಂತೆಯೇ ತೂಗಿ ನೋಡುತ್ತದೆ. ಡೋಪಮೈನ್ ನೆರವಾಗುವ ಆ ತೂಗುವ ವ್ಯವಸ್ಥೆ ಹದಗೆಟ್ಟಾಗ ಫಲ ಹಗುರವಾಗಿ, ಶ್ರಮ ಬೆಟ್ಟದಷ್ಟಾಗಿ ಕಾಣುತ್ತದೆ. ಹಲ್ಲುಜ್ಜುವುದೂ ಆಗ ತೋಟದ ಇಡೀ ದಿನದ ದುಡಿಮೆಯಂತಾಗುತ್ತದೆ.

ನಾನು ಮೊದಲು ಹೋದ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷಿಸಿದರು. ಅದು ಸರಿಯಾದ ಕ್ರಮವೇ, ಏಕೆಂದರೆ ರಕ್ತಹೀನತೆ, ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆಗಳಲ್ಲಿಯೂ ಇಂಥದೇ ಆಯಾಸವಿರುತ್ತದೆ. ಆದರೆ ಎಲ್ಲವೂ ಸರಿಯಿದೆ ಎಂದು ಗೊತ್ತಾದ ಮೇಲೆ ಒಂದು ಟಾನಿಕ್ ಬರೆದು ಕಳುಹಿಸಿದರು. ಮನಸ್ಸು ಹೇಗಿದೆ ಎಂಬ ಮುಂದಿನ ಪ್ರಶ್ನೆಯನ್ನು ಕೇಳಬೇಕಾದದ್ದು ಆಗಲೇ ಅಲ್ಲವೇ? ನನ್ನದೂ ತಪ್ಪಿತ್ತು. ಮಲಯಾಳದಲ್ಲಿ ಕಷ್ಟ ಹೇಳಿಕೊಳ್ಳಬೇಕಾದ ನಮ್ಮಂಥ ಕನ್ನಡಿಗರಿಗೆ "ಕ್ಷೀಣಂ", ಅಂದರೆ ಆಯಾಸ, ಎಂಬ ಒಂದು ಪದ ಸುಲಭವಾಗಿ ಬಾಯಿಗೆ ಬರುತ್ತದೆ, ಅದನ್ನು ಹೇಳಿ ಸುಮ್ಮನಾಗುತ್ತೇವೆ.

ಮನೋವೈದ್ಯರ ಔಷಧಿ ಆರಂಭಿಸಿದ ಮೂರನೆಯ ವಾರ ನಿದ್ರೆ ಸುಧಾರಿಸಿತು, ಆಮೇಲೆ ಮನಸ್ಸು. ಬಚ್ಚೆಲು ಮಾತ್ರ ಎಲ್ಲಕ್ಕಿಂತ ಕೊನೆಗೆ ಹೋಯಿತು. ಶಕ್ತಿ ಬಂದ ಮೇಲೆ ನಡೆಯೋಣವೆಂದು ಕಾಯದೆ, ದಿನಕ್ಕೊಮ್ಮೆ ಕೆರೆಯವರೆಗೆ ಹೋಗಿ ಬನ್ನಿ ಎಂದಿದ್ದರು ವೈದ್ಯರು. ಮೊದಲ ವಾರ ಅಮ್ಮನೂ ಜೊತೆಗೆ ಬಂದರು, ಅರ್ಧ ದಾರಿಯಲ್ಲಿ ನಾನು ಕುಳಿತಾಗ ತಾವೂ ಕುಳಿತರು.

ಎರಡು ವಾರ ಕಳೆದರೂ ಇಂಥ ಆಯಾಸ ಬಿಡದಿದ್ದರೆ, ವೈದ್ಯರ ಮುಂದೆ ಕ್ಷೀಣವೆಂದಷ್ಟೇ ಹೇಳಬೇಡಿ. ಎಷ್ಟು ಗಂಟೆಗೆ ಎಚ್ಚರವಾಗುತ್ತದೆ, ಮೊದಲು ಇಷ್ಟವಾಗಿದ್ದ ಯಾವುದು ಈಗ ಬೇಡವಾಗಿದೆ, ಬದುಕೇ ಸಾಕೆನಿಸುತ್ತದೆಯೇ ಎಂಬುದನ್ನೂ, ಕನ್ನಡದಲ್ಲಿಯಾದರೂ ಸರಿ, ಬಿಡಿಸಿ ಹೇಳಿ.