ಪಿಒಸಿಯನ್ನು ಕಿತ್ತುಹಾಕೋಣ ಅಂದರು

ಮೀಟಿಂಗ್ ಮುಗಿಸಿ ಈಗಷ್ಟೇ ಎದ್ದು ಬಂದೆ. ನಗು ನಿಂತಿಲ್ಲ, ಸಿಟ್ಟೂ ಇಳಿದಿಲ್ಲ. ಎರಡೂ ಒಟ್ಟಿಗೆ ಬಂದಾಗಲೇ ನಾನು ಇಲ್ಲಿ ಉದ್ದುದ್ದ ಬರೆಯೋದು ಅಂತ ನಿಮಗೆಲ್ಲ ಗೊತ್ತಿದೆ, ಸಹಿಸಿಕೊಳ್ಳಿ.

ಆದದ್ದಿಷ್ಟು. ತಾಂತ್ರಿಕ ತಂಡದ ಮುಖ್ಯಸ್ಥರು ಕನ್ನಡಕ ಮೇಲೇರಿಸಿಕೊಂಡು ಹೇಳಿದರು: "ಎರಡು ತಿಂಗಳಾಯ್ತು, ಪಿಒಸಿ ಇನ್ನೂ ಸರಿಯಾಗಿ ಕೆಲಸ ಮಾಡ್ತಿಲ್ಲ. ಮುಂದಿನ ವಾರ ಕಿತ್ತುಹಾಕೋಣ." ಅವರ ಮನಸ್ಸಿನಲ್ಲಿದ್ದದ್ದು ಪ್ರೂಫ್ ಆಫ್ ಕಾನ್ಸೆಪ್ಟ್, ಅಂದರೆ ಐಡಿಯಾ ನಡೆಯುತ್ತೋ ಇಲ್ಲವೋ ನೋಡೋಕೆ ಅಂತ ಮಾಡಿಟ್ಟ ಪುಟ್ಟ ಪ್ರಯೋಗ. ಆದರೆ ಮೇಜಿನ ಆಚೆ ಬದಿಯಲ್ಲಿ ಕೂತಿದ್ದ ಹುಡುಗನ ಹೆಸರಿನ ಪಕ್ಕದಲ್ಲೂ, ಅದೇ ಪ್ರಾಜೆಕ್ಟಿನ ಮೊದಲ ಪುಟದಲ್ಲಿ, ದಪ್ಪಕ್ಷರದಲ್ಲಿ ಪಿಒಸಿ ಅಂತ ಇದೆ. ಪಾಯಿಂಟ್ ಆಫ್ ಕಾಂಟ್ಯಾಕ್ಟ್. ಏನಾದರೂ ಕೇಳಬೇಕಾದರೆ ಇವನನ್ನು ಕೇಳಿ ಅಂತ. ಅವನು ಕೆಲಸಕ್ಕೆ ಸೇರಿ ಸರಿಯಾಗಿ ಎರಡು ತಿಂಗಳು.

ಇಂಗು ತಿಂದ ಮಂಗನ ಹಾಗಾಯಿತು ಪಾಪ ಅವನ ಮುಖ. "ಸರ್, ಇನ್ನೊಂದು ಅವಕಾಶ ಕೊಟ್ಟರೆ..." ಅಂದ. ಇವರೋ, "ಇಲ್ಲಪ್ಪ, ರಿಪೇರಿ ಮಾಡೋ ಸ್ಥಿತಿ ದಾಟಿದೆ. ಹೊಸದು ತಂದರೇ ವಾಸಿ" ಅಂದುಬಿಟ್ಟರು. ಈ ಗಂಟು ಬಿಡಿಸೋಕೆ ಹತ್ತು ನಿಮಿಷ ಹಿಡಿಯಿತು. ಕೋಣೆಯಲ್ಲಿದ್ದದ್ದು ಹನ್ನೊಂದು ಜನ. ಯಾರೋ ಒಬ್ಬರು ಮೂರು ಪದ ಬರೆಯೋಕೆ ಬೇಜಾರು ಪಟ್ಟಿದ್ದಕ್ಕೆ ನೂರ ಹತ್ತು ನಿಮಿಷ ದಂಡ. ಹುಡುಗನ ಎದೆಬಡಿತದ ಲೆಕ್ಕ ಬೇರೆ.

ನನ್ನ ತಕರಾರು ಇಷ್ಟೇ. ಶಾರ್ಟ್ ಫಾರ್ಮಿನಿಂದ ಏನೂ ಶಾರ್ಟ್ ಆಗೋದಿಲ್ಲ. ಬರೆಯುವವರ ಕೈಯಿಂದ ಇಳಿದ ಭಾರ ಓದುವವರ ತಲೆ ಮೇಲೆ ಕೂರುತ್ತದೆ, ಅಷ್ಟೇ.

ಇನ್ನು ಹೆಸರಿಡುವ ಮೊದಲು ಒಂದು ಸಲ ಬಾಯಿಬಿಟ್ಟು ಓದಿ ನೋಡೋದಂತೂ ಯಾರಿಗೂ ಗೊತ್ತಿಲ್ಲ. ನನ್ನ ಹಿಂದಿನ ಆಫೀಸು ನೆನಪಿರುವವರಿಗೆ ಇದೂ ನೆನಪಿರುತ್ತೆ. ಅಲ್ಲಿ ತಿಂಗಳಿಗೊಂದು ವರದಿ ಕಳಿಸಬೇಕಿತ್ತು, ಹೆಸರು ಮಂತ್ಲಿ ಆಪರೇಷನ್ಸ್ ಸ್ಟೇಟಸ್ ಅಸೆಸ್‌ಮೆಂಟ್. ಕನ್ನಡದ ಗಂಧವಿಲ್ಲದ ಯಾರೋ ದೊಡ್ಡವರು ಅದನ್ನು ಎಂ-ಓ-ಎಸ್-ಎ ಮಾಡಿದರು. ನಾವು ಓದಿದೆವು: ಮೋಸ. ಆಮೇಲಿಂದ ಕಾರಿಡಾರಿನಲ್ಲಿ ದಿನಾ ಇದೇ ಮಾತು. "ನಿಮ್ಮ ವಿಭಾಗದ ಮೋಸ ಇನ್ನೂ ಬಂದಿಲ್ಲವಲ್ಲ?" "ಕಳೆದ ತಿಂಗಳಿಗಿಂತ ಈ ಸಲದ ಮೋಸ ಅಚ್ಚುಕಟ್ಟಾಗಿದೆ." "ಮೋಸ ಮುಗಿಸಿಯೇ ಮನೆಗೆ ಹೋಗಿ." ಅದೂ ಇಒಡಿ ಒಳಗೆ. (ಇಒಡಿ ಅಂದರೆ ನಮಗೆ ದಿನದ ಕೊನೆ. ಸೈನ್ಯದವರಿಗೆ ಅದು ಬಾಂಬ್ ನಿಷ್ಕ್ರಿಯಗೊಳಿಸುವ ಕೆಲಸ. ಸಂಜೆ ಐದೂವರೆಯ ಹೊತ್ತಿಗೆ ನಮ್ಮದೂ ಹೆಚ್ಚುಕಡಿಮೆ ಅದೇ.) ಮರುವರ್ಷ ತರಬೇತಿ ವಿಭಾಗದವರು ನಾವೇನು ಕಮ್ಮಿ ಅಂತ ನಾಲೆಜ್ ಅಂಡ್ ಸ್ಕಿಲ್ ಅಸೆಸ್‌ಮೆಂಟ್ ತಂದರು. ಕೆ-ಎ-ಎಸ್-ಎ. ನನ್ನ ಕಸವನ್ನು ಮೇಲಿನವರು ಮೂರು ಸಲ ವಾಪಸ್ ಕಳಿಸಿದ್ದರು.

ಇದು ಬೇರೆ ಭಾಷೆಗೆ ಹೋದಾಗ ಮಾತ್ರ ಆಗುವ ಎಡವಟ್ಟು ಅಂದುಕೊಳ್ಳಬೇಡಿ. ಅಮೆರಿಕದ ನೌಕಾಪಡೆಯ ಸರ್ವೋಚ್ಚ ದಂಡನಾಯಕನ ಹುದ್ದೆಯನ್ನು ಮೊಟಕು ಮಾಡಿ ಸಿಐಎನ್‌ಸಿಯುಎಸ್ ಅಂತ ಬರೆಯುತ್ತಿದ್ದರು. ಓದಿದರೆ "ಸಿಂಕ್ ಅಸ್", ನಮ್ಮನ್ನು ಮುಳುಗಿಸಿ! ಅದೂ ಇಂಗ್ಲಿಷಿನಲ್ಲೇ, ಇಂಗ್ಲಿಷ್ ಮಾತಾಡುವವರೇ ಇಟ್ಟದ್ದು. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್‌ನಲ್ಲಿ ಹಡಗುಗಳು ನಿಜವಾಗಿಯೂ ಮುಳುಗಿದವು. ಆ ಮೇಲೆ ಹುದ್ದೆಗೆ ಬಂದ ಅಡ್ಮಿರಲ್ ಅರ್ನೆಸ್ಟ್ ಕಿಂಗ್ ಆ ಮೊದಲಕ್ಷರಗಳನ್ನು ಕಿತ್ತೆಸೆದು ಕಾಮಿಂಚ್ ಅಂತ ಬದಲಾಯಿಸಿದರು. ಯುದ್ಧದ ನಡುವೆ ಆ ಮನುಷ್ಯನಿಗೆ ಇದಕ್ಕೆ ಪುರುಸೊತ್ತಿತ್ತು. ನಮ್ಮ ಮೋಸ ನಾನು ಕೆಲಸ ಬಿಡುವವರೆಗೂ ನಡೆದೇ ಇತ್ತು.

ಕೆಳಗೆ ಕಮೆಂಟಿಗೆ ಯಾರು ಬರುತ್ತೀರಿ ಅಂತಲೂ ಗೊತ್ತು. "ಲೇಸರ್, ರೇಡಾರ್ ಕೂಡ ಶಾರ್ಟ್ ಫಾರ್ಮೇ ಅಲ್ವಾ?" ಹೌದು ಮಹಾನುಭಾವರೇ. ರೇಡಿಯೋ ಡಿಟೆಕ್ಷನ್ ಅಂಡ್ ರೇಂಜಿಂಗ್ ಅನ್ನೋದು ರೇಡಾರ್ ಆಯ್ತು, ಎಲ್ಲರ ಬಾಯಲ್ಲಿ ಕೂತಿತು, ಒಂದು ಪದಕ್ಕೆ ಒಂದೇ ಅರ್ಥ. ವಿಮಾನ ನಿಲ್ದಾಣದಲ್ಲಿ ಯಾರೂ "ರೇಡಾರ್ ಅಂದರೆ ಯಂತ್ರವೋ, ರಾಮರಾಯರೋ?" ಅಂತ ಕೇಳೋದಿಲ್ಲ. ಅಂಥದ್ದು ಲಕ್ಷಕ್ಕೊಂದು. ಮಿಕ್ಕವುಗಳ ಗತಿ ನೋಡಬೇಕಾ? 2020ರಲ್ಲಿ ಏಡ್ರಿಯನ್ ಬಾರ್ನೆಟ್, ಜೋಯಿ ಡಬಲ್‌ಡೇ ಅನ್ನುವ ಇಬ್ಬರು ಸಂಶೋಧಕರು 1950ರಿಂದ 2019ರವರೆಗಿನ ವಿಜ್ಞಾನ ಲೇಖನಗಳ 2.4 ಕೋಟಿಗೂ ಹೆಚ್ಚು ಶೀರ್ಷಿಕೆಗಳನ್ನು ಜಾಲಾಡಿದರು, ಜೊತೆಗೆ 1.8 ಕೋಟಿಗೂ ಹೆಚ್ಚು ಸಾರಾಂಶಗಳನ್ನು. ಸಿಕ್ಕಿದ್ದು 11 ಲಕ್ಷಕ್ಕೂ ಮೀರಿದ ಮೊದಲಕ್ಷರದ ಗುಂಪುಗಳು. ಅದರಲ್ಲಿ ಶೇ. 79ರಷ್ಟು ಹತ್ತು ಸಲವೂ ಬಳಕೆಯಾಗಿಲ್ಲ. ಅಷ್ಟೂ ವರ್ಷಗಳಲ್ಲಿ! ವಿಜ್ಞಾನಿಗಳ ಕಥೆಯೇ ಹೀಗಾದರೆ ನಮ್ಮ ಎಚ್‌ಆರ್ ವಿಭಾಗದ ಕಥೆ ಕೇಳಲೇಬೇಡಿ.

ಈ ವಿಷಯದಲ್ಲಿ ನಾನು ಎಲಾನ್ ಮಸ್ಕ್ ಪಕ್ಷ. ಉಳಿದ ವಿಷಯಗಳಿಗೆ ನನ್ನನ್ನು ಎಳೆಯಬೇಡಿ. 2010ರಲ್ಲಿ ಆತ ಸ್ಪೇಸ್‌ಎಕ್ಸ್ ನೌಕರರಿಗೆಲ್ಲ ಒಂದು ಈಮೇಲ್ ಬರೆದು ಮನಸ್ಸಿಗೆ ಬಂದ ಶಾರ್ಟ್ ಫಾರ್ಮ್ ಹುಟ್ಟಿಸೋದನ್ನು ನಿಲ್ಲಿಸಿ ಅಂತ ಗದರಿದ್ದ. ರಾಕೆಟ್ ಪರೀಕ್ಷೆಯ ಒಂದು ಕಟ್ಟೆಗೆ ವಿಟಿಎಸ್-3 ಅನ್ನುತ್ತಿದ್ದರಂತೆ. ಅದರ ಬದಲು ಸುಮ್ಮನೆ ಟ್ರೈಪಾಡ್ ಅಂದರೆ ನಾಲಿಗೆಗೇ ಕೆಲಸ ಕಮ್ಮಿ ಅನ್ನೋದು ಅವನ ವಾದ. ಆ ಈಮೇಲಿನ ಶೀರ್ಷಿಕೆ "ಅಕ್ರೋನಿಮ್ಸ್ ಸೀರಿಯಸ್ಲಿ ಸಕ್", ಅಂದರೆ ಈ ಶಾರ್ಟ್ ಫಾರ್ಮುಗಳು ನಿಜಕ್ಕೂ ದರಿದ್ರ ಅಂತ. ಇಂಗ್ಲಿಷಿನ ಮೊದಲಕ್ಷರಗಳನ್ನು ನೀವೇ ಜೋಡಿಸಿಕೊಳ್ಳಿ. ಕತ್ತೆ ಬರುತ್ತದೆ.

ನಗುವ ಮಾತು ಆಯಿತು. ಎಂಎಸ್ ಅಂತ ಗೀಚಿದ ಔಷಧಿ ಚೀಟಿ ಮಾರ್ಫೀನ್ ಸಲ್ಫೇಟ್ ಆಗಿರಬಹುದು, ಮೆಗ್ನೀಸಿಯಂ ಸಲ್ಫೇಟೂ ಆಗಿರಬಹುದು. ಒಂದು ನೋವು ಕೊಲ್ಲುವ ಮದ್ದು, ಇನ್ನೊಂದು ಬೇರೆಯೇ. ಯೂನಿಟ್ ಅನ್ನೋದಕ್ಕೆ ಬರೀ ಇಂಗ್ಲಿಷಿನ ಯು ಬರೆದರೆ ಅವಸರದಲ್ಲಿ ಅದು ಸೊನ್ನೆಯ ಹಾಗೆ ಕಾಣುತ್ತದೆ. ಇನ್ಸುಲಿನ್ 4 ಇದ್ದದ್ದು 40 ಆಗುತ್ತದೆ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಇವನ್ನೆಲ್ಲ ಬಳಸಲೇಬಾರದು ಅಂತ ಪಟ್ಟಿ ಹೊರಡಿಸಿತು. ಅಷ್ಟು ಓದಿದ ಡಾಕ್ಟರುಗಳಿಗೇ ಪೂರ್ತಿ ಬರೀರಪ್ಪ ಅಂತ ಹೇಳಬೇಕಾಯಿತು.

ಕೇಳಿದರಾಗದಾ, ಬಾಯಿಲ್ವಾ ಅನ್ನುತ್ತೀರಿ. ಇಲ್ಲ, ಇರಲಿಲ್ಲ. ಈಗ ಹೇಳುತ್ತೇನೆ, ಮನೆಯಲ್ಲೂ ಹೇಳಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ "ಎಸ್‌ಎಂಇಗಳ ಜೊತೆ ಸಭೆ, ನೀವು ಮಾತಾಡಬೇಕು" ಅಂತ ಸೂಚನೆ ಬಂತು. ಎಸ್‌ಎಂಇ ಅಂದರೆ ಸಣ್ಣ, ಮಧ್ಯಮ ಉದ್ದಿಮೆಗಳು ಅಂತ ಪೇಪರಿನಲ್ಲಿ ಓದಿದ್ದೆ. ಮೂರು ರಾತ್ರಿ ಕೂತು ಸಣ್ಣ ಉದ್ದಿಮೆದಾರರ ಸಾಲ, ಬಡ್ಡಿ, ಮಾರುಕಟ್ಟೆ ಅಂತ ಇಪ್ಪತ್ತೆರಡು ಸ್ಲೈಡ್ ಮಾಡಿದೆ. ಬಾಗಿಲು ತೆಗೆದರೆ ಒಳಗೆ ನಮ್ಮದೇ ಆಫೀಸಿನ ಐದು ಜನ ಹಿರಿಯರು. ಸಬ್ಜೆಕ್ಟ್ ಮ್ಯಾಟರ್ ಎಕ್ಸ್‌ಪರ್ಟ್, ಅಂದರೆ ವಿಷಯ ತಜ್ಞರಂತೆ! ಆ ಐದೂ ಜನಕ್ಕೆ ಸಾಲ ಪಡೆಯುವ ಬಗೆ ವಿವರಿಸಿ ಬಂದೆ. ಕೊನೆಯಲ್ಲಿ ಚಪ್ಪಾಳೆಯೂ ಆಯಿತು. ಅವರೂ ಏನನ್ನೂ ಕೇಳಲಿಲ್ಲ ನೋಡಿ. ಗೊತ್ತಿಲ್ಲ ಅಂತ ತೋರಿಸಿಕೊಳ್ಳೋಕೆ ನನಗೆ ಎಷ್ಟು ನಾಚಿಕೆಯೋ ಅವರಿಗೂ ಅಷ್ಟೇ. ಗೋಣು ಹಾಕುವವರ ಬಲದ ಮೇಲೇ ಈ ಅಕ್ಷರಗಳು ಬದುಕಿರೋದು.

ಇಷ್ಟು ಬರೆಯುವಷ್ಟರಲ್ಲಿ ಆ ಹುಡುಗ ನನ್ನ ಮೇಜಿನ ಹತ್ತಿರ ಬಂದ. ಮೀಟಿಂಗಿನ ಮಿನಿಟ್ಸ್ ಎಲ್ಲರಿಗೂ ಹೋಗಿದೆಯಂತೆ. ಫೋನ್ ತೋರಿಸಿ, "ಮೇಡಂ, ಇದನ್ನ ಯಾರ ಹತ್ರ ತಿದ್ದಿಸಬೇಕು?" ಅಂದ.

ಮೂರನೇ ಸಾಲು: ಮುಂದಿನ ವಾರ ಪಿಒಸಿಯನ್ನು ತೆಗೆದುಹಾಕಲಾಗುವುದು. ಕೊನೆಯ ಸಾಲು: ತಿದ್ದುಪಡಿಗಳಿದ್ದರೆ ಪಿಒಸಿಯನ್ನು ಸಂಪರ್ಕಿಸಿ.