ಎರಡನೆಯ ಮಹಾಯುದ್ಧದಿಂದ ಜಗತ್ತಿಗೆ ಒಳಿತಾಯಿತೇ? – ಪರ, ವಿರೋಧ

ಯುದ್ಧದಿಂದ ಒಳಿತೂ ಆಗುತ್ತದೆ ಎಂಬ ಮಾತು ಹುಬ್ಬಳ್ಳಿ-ಧಾರವಾಡದ ಕಾಲೇಜು ಚರ್ಚಾಸ್ಪರ್ಧೆಗಳಿಗೆ ಹೊಸದಲ್ಲ. ಎರಡೂ ಪಕ್ಷಗಳನ್ನು ಅವುಗಳ ಪೂರ್ಣ ಬಲದೊಂದಿಗೆ ಮಂಡಿಸದೆ ತೀರ್ಪು ಕೊಡಬಾರದೆಂದು ಎರಡನ್ನೂ ನಾನೇ ಬರೆದಿದ್ದೇನೆ. ನನ್ನ ಒಲವು ಎರಡನೆಯ ಬರಹದ ಕಡೆಗಿದೆ.

ಪರ

ಆರು ವರ್ಷಗಳಲ್ಲಿ ಆರು ಕೋಟಿಗೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡ ಯುದ್ಧವನ್ನು ಯಾರೂ ಹೊಗಳಲಾರರು. ಆದರೆ ಅದು ಮುಗಿದ ಮೇಲೆ ಜಗತ್ತು 1939ರಲ್ಲಿ ಇದ್ದ ಸ್ಥಿತಿಗೆ ಮರಳಲಿಲ್ಲ, ಹಾಗೆ ಮರಳದೆ ಹೋದದ್ದರಿಂದ ಇಂದಿನ ನಮ್ಮ ಬದುಕಿಗೆ ಬಹಳಷ್ಟು ದಕ್ಕಿದೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಕೀವು ತುಂಬಿದ ಗಾಯದೊಂದಿಗೆ ಇಂದು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಬರುವ ರೈತನು ಸಾಮಾನ್ಯವಾಗಿ ಗುಣವಾಗಿ ಊರಿಗೆ ಮರಳುತ್ತಾನೆ. ನೂರು ವರ್ಷಗಳ ಹಿಂದೆ ಅಂಥದೇ ಗಾಯಕ್ಕೆ ಕಾಲನ್ನೋ ಜೀವವನ್ನೋ ಕಳೆದುಕೊಳ್ಳುವ ಭಯವಿತ್ತು. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಅನ್ನು ಗುರುತಿಸಿದ್ದು 1928ರಲ್ಲಿ, ಆದರೆ ಮುಂದಿನ ಹತ್ತು ವರ್ಷ ಅದರಿಂದ ರೋಗಿಗಳಿಗೆ ಹೆಚ್ಚಿನ ಉಪಯೋಗವಾಗಲಿಲ್ಲ. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ಪೊಲೀಸ್ ಪೇದೆಯೊಬ್ಬನಿಗೆ ಅದನ್ನು ಕೊಟ್ಟಾಗ ಆತ ಚೇತರಿಸಿಕೊಳ್ಳತೊಡಗಿದನಾದರೂ, ಔಷಧವೇ ಮುಗಿದುಹೋದದ್ದರಿಂದ ತೀರಿಕೊಂಡನು. ಆಮೇಲೆ ಯುದ್ಧದ ಒತ್ತಡ ಕೆಲಸ ಮಾಡಿತು. ಅಮೆರಿಕದ ಪಿಯೋರಿಯಾದ ಸರ್ಕಾರಿ ಪ್ರಯೋಗಾಲಯದವರು, ಗೋವಿನಜೋಳದಿಂದ ಪಿಷ್ಟ ತೆಗೆದಾಗ ಉಳಿಯುವ ದ್ರವದಲ್ಲಿ ಪೆನಿಸಿಲಿನ್ ಕೊಡುವ ಶಿಲೀಂಧ್ರವನ್ನು ಬೆಳೆಸಿದರೆ ಇಳುವರಿ ಹಲವು ಪಟ್ಟು ಹೆಚ್ಚುತ್ತದೆಂದು ಕಂಡುಕೊಂಡರು. ಪರಸ್ಪರ ಪೈಪೋಟಿಯಲ್ಲಿದ್ದ ಔಷಧ ಕಂಪನಿಗಳನ್ನು ಸರ್ಕಾರ ಒಂದೇ ಕೆಲಸಕ್ಕೆ ಹಚ್ಚಿತು. ಒಬ್ಬ ರೋಗಿಗೂ ಸಾಲದಿದ್ದ ಔಷಧ 1944ರ ಜೂನ್‌ನಲ್ಲಿ ಸೈನ್ಯವು ನಾರ್ಮಂಡಿ ತೀರಕ್ಕೆ ಇಳಿಯುವ ಹೊತ್ತಿಗೆ 20 ಲಕ್ಷಕ್ಕೂ ಹೆಚ್ಚು ಡೋಸ್‌ಗಳಷ್ಟು ಸಿದ್ಧವಾಗಿತ್ತು. ಶಾಂತಿಕಾಲದ ಯಾವ ಸರ್ಕಾರವೂ ಮೂರು ವರ್ಷಗಳಲ್ಲಿ ಇಷ್ಟು ಹಣ ಮತ್ತು ಆತುರವನ್ನು ಒಂದು ಔಷಧದ ಹಿಂದೆ ಹಾಕಿದ್ದು ಅಪರೂಪ.

ಇದಕ್ಕಿಂತ ದೊಡ್ಡದು ವಸಾಹತುಗಳ ಬಿಡುಗಡೆ. ಯುದ್ಧ ಮುಗಿದಾಗ ಬ್ರಿಟನ್ ಗೆದ್ದಿತ್ತು, ಆದರೆ ಸಾಲದಲ್ಲಿ ಮುಳುಗಿತ್ತು. ಭಾರತವೊಂದಕ್ಕೇ ಅದು ಸುಮಾರು 130 ಕೋಟಿ ಪೌಂಡ್ ಕೊಡಬೇಕಿತ್ತು. ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ದೇಶವನ್ನೇ ಕೆರಳಿಸಿತು, 1946ರ ಫೆಬ್ರವರಿಯಲ್ಲಿ ಮುಂಬಯಿಯ ನಾವಿಕರು ದಂಗೆ ಎದ್ದರು, ಮತ್ತು ಭಾರತೀಯ ಸೈನಿಕನ ಬಲದ ಮೇಲೆ ಭಾರತವನ್ನು ಆಳುವ ದಿನಗಳು ಮುಗಿದವೆಂದು ಲಂಡನ್ನಿಗೆ ಅರಿವಾಯಿತು. ಯುದ್ಧವಿಲ್ಲದಿದ್ದರೆ 1947 ಅಷ್ಟು ಬೇಗ ಬರುತ್ತಿತ್ತೆಂದು ಹೇಳುವುದು ಕಷ್ಟ.

ವಿಶ್ವಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ, 1949ರ ಜಿನೀವಾ ಒಪ್ಪಂದಗಳು, 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ, ಎಲ್ಲವೂ ಆ ಸುಟ್ಟ ನೆಲದಿಂದಲೇ ಎದ್ದವು. ಮತ್ತೆ ಮತ್ತೆ ಕಾದಾಡಿದ ಫ್ರಾನ್ಸ್ ಮತ್ತು (ಪಶ್ಚಿಮ) ಜರ್ಮನಿ ತಮ್ಮ ಕಲ್ಲಿದ್ದಲು-ಉಕ್ಕನ್ನು ಒಂದೇ ಆಡಳಿತಕ್ಕೆ ಒಪ್ಪಿಸುವ ಒಪ್ಪಂದಕ್ಕೆ 1951ರಲ್ಲಿ ಸಹಿ ಹಾಕಿದವು. ಮೊದಲ ಯುದ್ಧ ಕಲಿಸಲಾಗದ ಪಾಠವನ್ನು ಎರಡನೆಯದು ಕಲಿಸಿತು.

ವಿರೋಧ

ಸ್ವಾತಂತ್ರ್ಯವನ್ನು ಯುದ್ಧದ ಫಲವೆಂದು ಕರೆಯುವವರು ಹಾವೇರಿ ಜಿಲ್ಲೆಯ ಹೊಸರಿತ್ತಿಯನ್ನು ನೆನೆಯಬೇಕು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲೇ ಗಾಂಧೀಜಿಯವರೊಡನೆ ದಂಡಿಗೆ ನಡೆದವರು. ಆಗ ಜಗತ್ತಿನಲ್ಲಿ ಯಾವ ಮಹಾಯುದ್ಧವೂ ಇರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರು, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಂದಿಗೆ ಗುಂಡಿಗೆ ಬಲಿಯಾದರು. ಅವರ ಬದುಕನ್ನು ಬದಿಗೆ ಸರಿಸಿ, ಬ್ರಿಟನ್ನಿನ ಖಜಾನೆ ಬರಿದಾದದ್ದೇ ಬಿಡುಗಡೆಗೆ ಕಾರಣವೆಂದರೆ ಜೀವ ಕೊಟ್ಟವರ ಹೆಸರಿನ ಲೆಕ್ಕವನ್ನು ಬೇರೆಯವರ ಖಾತೆಗೆ ಬರೆದಂತಾಗುತ್ತದೆ. 1937ರಲ್ಲಿ ನಮ್ಮ ಮುಂಬಯಿ ಪ್ರಾಂತವೂ ಸೇರಿ ಹಲವು ಪ್ರಾಂತಗಳಲ್ಲಿ ಚುನಾಯಿತ ಮಂತ್ರಿಮಂಡಲಗಳು ನಡೆಯುತ್ತಿದ್ದವು. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಯಾರನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದದ್ದರಿಂದಲೇ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಚಲೇಜಾವ್ ಚಳವಳಿಯ ನಾಯಕರು ಯುದ್ಧದ ಉಳಿದ ದಿನಗಳಲ್ಲಿ ಬಹುಪಾಲನ್ನು ಸೆರೆಯಲ್ಲಿ ಕಳೆದರು, ಮತ್ತು ಆ ಖಾಲಿ ವರ್ಷಗಳಲ್ಲಿಯೇ ವಿಭಜನೆಯ ರಾಜಕಾರಣ ಬೇರು ಬಿಟ್ಟಿತು. 1947ನ್ನು ಯುದ್ಧದ ಖಾತೆಗೆ ಬರೆಯುವವರು ಅದೇ ವರ್ಷದ ರಕ್ತವನ್ನೂ ಅಲ್ಲಿಯೇ ಬರೆಯಬೇಕಾಗುತ್ತದೆ.

ವಿಜ್ಞಾನದ ವಾದ ನೋಡಲು ಗಟ್ಟಿಯಾಗಿದೆ. ಆದರೆ ಪೆನಿಸಿಲಿನ್ ಕಂಡುಹಿಡಿದದ್ದು ಶಾಂತಿಕಾಲದಲ್ಲಿ. ಯುದ್ಧ ಒದಗಿಸಿದ್ದು ಹಣವನ್ನು ಮತ್ತು ಆತುರವನ್ನು, ಅವೆರಡನ್ನೂ ಶಾಂತಿಕಾಲದ ಸರ್ಕಾರ ಮನಸ್ಸು ಮಾಡಿದರೆ ಒದಗಿಸಬಹುದು. 1954ರಲ್ಲಿ ಪುಣೆಯ ಸಮೀಪದ ಪಿಂಪ್ರಿಯಲ್ಲಿ ಭಾರತ ಸರ್ಕಾರದ ಪೆನಿಸಿಲಿನ್ ಕಾರ್ಖಾನೆ ಎದ್ದದ್ದು ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಸೈನ್ಯದ ಅಗತ್ಯದಿಂದಲ್ಲ. ಯುದ್ಧದ ಗೋಪ್ಯತೆ ಜ್ಞಾನವನ್ನು ಹೂಳಿದ್ದೂ ಉಂಟು: ಬ್ರಿಟನ್ನಿನಲ್ಲಿ ಶತ್ರುಸಂಕೇತಗಳನ್ನು ಬಿಡಿಸಲು 1944ರಲ್ಲಿ ದುಡಿದ ಕೊಲೋಸಸ್ ಎಂಬ ಆರಂಭಿಕ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವನ್ನು ಯುದ್ಧ ಮುಗಿದ ಮೇಲೆ ಬಿಚ್ಚಿಹಾಕಲಾಯಿತು, ಅವುಗಳ ವಿಷಯ 1970ರ ದಶಕದವರೆಗೆ ಹೊರಬರಲಿಲ್ಲ.

ಘೋಷಣೆಗಳ ಮಾತಿಗೆ ಬಂದರೆ, ಜನರು ತಮ್ಮ ಸರ್ಕಾರವನ್ನು ತಾವೇ ಆರಿಸಿಕೊಳ್ಳುವ ಹಕ್ಕನ್ನು 1941ರ ಆಗಸ್ಟ್‌ನಲ್ಲಿ ಅಮೆರಿಕದೊಡನೆ ಹೊರಡಿಸಿದ ಅಟ್ಲಾಂಟಿಕ್ ಸನ್ನದಿನಲ್ಲಿ ಸಾರಿದ ಬ್ರಿಟಿಷ್ ಪ್ರಧಾನಿ ಚರ್ಚಿಲ್, ಮರುತಿಂಗಳೇ ಅದು ಭಾರತಕ್ಕೆ ಅನ್ವಯಿಸುವುದಿಲ್ಲವೆಂಬ ಅರ್ಥದಲ್ಲಿ ಸಂಸತ್ತಿನಲ್ಲಿ ಮಾತಾಡಿದರು. ಮಾನವ ಹಕ್ಕುಗಳ ಘೋಷಣೆಯಲ್ಲಿ ಗಂಡಸರ ಜೊತೆಗೆ ಹೆಂಗಸರೂ ಸ್ಪಷ್ಟವಾಗಿ ಒಳಗೊಳ್ಳುವಂತೆ ಪಟ್ಟು ಹಿಡಿದವರು ಭಾರತದ ಹಂಸಾ ಮೆಹ್ತಾ. ಆ ನಿಲುವು ಅವರಿಗೆ ಬಂದದ್ದು ಮಹಿಳಾ ಚಳವಳಿಯಿಂದ ಮತ್ತು ಸ್ವಾತಂತ್ರ್ಯ ಹೋರಾಟದಿಂದ.

ನನ್ನನ್ನು ಹೆಚ್ಚು ಕಾಡುವುದು ಆ 130 ಕೋಟಿ ಪೌಂಡಿನ ಲೆಕ್ಕ, ಏಕೆಂದರೆ ಪರ ಪಕ್ಷದವರು ಅದನ್ನು ಭಾರತದ ಗಳಿಕೆಯೆಂದು ತೋರಿಸುತ್ತಾರೆ. ಯುದ್ಧಕ್ಕಾಗಿ ಭಾರತದಲ್ಲಿ ಕೊಂಡ ಸರಕಿನ ಹಣವನ್ನು ಬ್ರಿಟನ್ ಲಂಡನ್ನಿನಲ್ಲಿ ಸಾಲದ ರೂಪದಲ್ಲಿ ಬರೆದಿಡುತ್ತಿತ್ತು. ಆ ಬರಹದ ಆಧಾರದ ಮೇಲೆ ರಿಸರ್ವ್ ಬ್ಯಾಂಕ್ ಇಲ್ಲಿ ನೋಟು ಅಚ್ಚು ಹಾಕುತ್ತಿತ್ತು. ಸರಕು ದೇಶದಿಂದ ಹೊರಗೆ ಹೋಯಿತು, ನೋಟು ಒಳಗೆ ಉಳಿಯಿತು, ಬೆಲೆಗಳು ಎರಡು ಪಟ್ಟಿಗೂ ಮೇಲೇರಿದವು. 1943ರ ಹೊತ್ತಿಗೆ ಬಟ್ಟೆ ಮತ್ತು ನೂಲಿಗೆ ಸರ್ಕಾರದ ನಿಯಂತ್ರಣ ಬಂದಿತು. ಗದಗ-ಬೆಟಗೇರಿಯಂಥ ನೇಕಾರರ ಊರುಗಳಲ್ಲಿ ಮಗ್ಗದ ಕೆಲಸವೇ ನೂಲಿನ ಮೇಲೆ ನಿಂತಿತ್ತು. ಭೂಮಿಯಿಲ್ಲದ ಕೂಲಿಯವರಿಗೆ ಕಾಳಿನ ಬೆಲೆ ಎಟುಕದಾಯಿತು. ಅದೇ ವರ್ಷ ಶುರುವಾದ ಬಂಗಾಳದ ಬರಗಾಲದಲ್ಲಿ, ಬರ್ಮಾದ ಅಕ್ಕಿ ನಿಂತು, ಜಪಾನಿನ ಭಯದಿಂದ ದೋಣಿಗಳನ್ನು ಸರ್ಕಾರವೇ ಕಿತ್ತುಕೊಂಡು, ಬೆಲೆಗಳು ಮುಗಿಲಿಗೇರಿ, 15ರಿಂದ 30 ಲಕ್ಷ ಜನ ಸತ್ತರು. ಬ್ರಿಟನ್ನಿಗೆ ಸಾಲ ಕೊಟ್ಟವರು ನಿಜಕ್ಕೂ ಇವರು. ಇವರಲ್ಲಿ ಯಾರಿಗೂ ಪೆನಿಸಿಲಿನ್ ಸಿಗಲಿಲ್ಲ, ವಿಶ್ವಸಂಸ್ಥೆಯೂ ಕಾಣಲಿಲ್ಲ. ಮುಂದಿನವರಿಗೆ ಸಿಕ್ಕ ಲಾಭದಿಂದ ಇವರ ನಷ್ಟ ತೀರಿತೆಂದು ಹೇಳುವ ಹಕ್ಕು ಇವರನ್ನು ಬಿಟ್ಟು ಬೇರಾರಿಗೂ ಇಲ್ಲ. ಆ ಸಾಲದ ಒಂದು ಪಾಲು 1948ರ ಒಪ್ಪಂದದಂತೆ, ಇಲ್ಲಿ ಆಳಿ ನಿವೃತ್ತರಾದ ಬ್ರಿಟಿಷ್ ಅಧಿಕಾರಿಗಳ ಪಿಂಚಣಿಗೆ ಮತ್ತು ಅವರ ಸೈನ್ಯ ಬಿಟ್ಟುಹೋದ ಸಾಮಗ್ರಿಯ ಬೆಲೆಗೆ ಸಂದಾಯವಾಯಿತು.