ಆ ಒಂಬತ್ತು ದಿನ

ನಿನ್ನೆ ಸಂಜೆಯಿಂದ ಮನಸ್ಸು ಸರಿಯಿಲ್ಲ. ಬರೆದಾದರೂ ಹಗುರಾಗೋಣ ಅಂತ ಕೂತಿದ್ದೀನಿ, ಉದ್ದ ಆದರೆ ಸಹಿಸ್ಕೊಳ್ಳಿ.

ಇಲ್ಲೇ ಕಲಬುರಗಿಯ ಒಂದು ಹೋಟೆಲ್ ಹಾಲ್‌ನಲ್ಲಿ 'ವಿದೇಶದಲ್ಲಿ ಎಂಬಿಬಿಎಸ್' ಸಭೆ ಇತ್ತು. ನಮ್ಮ ಕಾಲೇಜಿನ ಹುಡುಗಿಯೊಬ್ಬಳು "ಮೇಡಂ, ನೀವೂ ಬರ್ರಿ, ಅಪ್ಪಗ ಧೈರ್ಯ ಆಗ್ತದ" ಅಂದಳು. ಹೋದೆ. ಫೀಸು, ಹಾಸ್ಟೆಲ್ಲು, ಹಿಮದಾಗ ನಿಂತ ಹುಡುಗರ ಫೋಟೊ ಅಂತ ಒಂದೂವರೆ ತಾಸು ನಡೀತು. ಕೊನೆಗೆ ಆ ಹುಡುಗಿಯ ಅಪ್ಪ, ಆಳಂದ ಕಡೆ ತೊಗರಿ ಬೆಳೆಯೋರು, ಹೆಗಲ ಮೇಲಿನ ಟವೆಲ್ಲು ಸರಿ ಮಾಡ್ಕೊಂಡು ಎದ್ದು ಕೇಳಿದರು: "ಅಲ್ಲಿ ಗದ್ದಲ ಆದ್ರ ನಮ್ಮ ಹುಡುಗ್ರಿಗೆ ಯಾರ್ ನೋಡ್ತಾರ್ರಿ?"

ಮೈಕ್ ಹಿಡಿದವನು ನಕ್ಕ. "ಏನೂ ಆಗಲ್ಲರಿ ಕಾಕಾ. ಇಂಡಿಯನ್ ಮೆಸ್ ಅದ, ಚಪಾತಿ, ಅನ್ನ ಎಲ್ಲಾ ಸಿಗ್ತದ. ಮುಂದಿನ ಪ್ರಶ್ನೆ?"

ಆ ಮನುಷ್ಯ ಸುಮ್ಮನೆ ಕೂತುಬಿಟ್ಟರು. ನನಗೆ ಸಿಟ್ಟಿಗೆ ಕೈ ನಡುಗ್ತಿತ್ತು. ಇದೇ "ಏನೂ ಆಗಲ್ಲ" ಅನ್ನೋ ಮಾತನ್ನ ನಾವೂ ಒಮ್ಮೆ ನಂಬಿದ್ವಿ.

ನಮ್ಮನೆ ಕಥೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ತಂಗಿ ಮಗ ಉಕ್ರೇನಿನ ಖಾರ್ಕಿವ್‌ನಲ್ಲಿ ಓದ್ತಿದ್ದ. ಅಲ್ಲಿಂದ ರಷ್ಯಾ ಗಡಿ ಸುಮಾರು 40 ಕಿಲೋಮೀಟರ್, ಅಂದರೆ ನಾವು ಜೇವರ್ಗಿಗೆ ಹೋಗಿ ಬಂದಷ್ಟು ಸಲೀಸು. ಸೀಟು ಮಾಡಿಸಿಕೊಟ್ಟವರು ಇದನ್ನ ಹೇಳಲಿಲ್ಲ. ನಾವೂ ನಕಾಶೆ ತೆಗೆದು ನೋಡಲಿಲ್ಲ.

2022ರ ಫೆಬ್ರವರಿ 15ಕ್ಕೆ ಕೀವ್‌ನ ನಮ್ಮ ರಾಯಭಾರ ಕಚೇರಿ ಒಂದು ಸೂಚನೆ ಹೊರಡಿಸಿತು. ಇರಲೇಬೇಕು ಅಂತಿಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ಸದ್ಯಕ್ಕೆ ದೇಶ ಬಿಡೋ ಬಗ್ಗೆ ಯೋಚಿಸಬಹುದು ಅಂತ. 24ಕ್ಕೆ ಬಾಂಬು ಬಿತ್ತು, ಅವತ್ತೇ ವಿಮಾನ ಬಂದ್. ನಡುವೆ ಒಂಬತ್ತು ದಿನ. ನನ್ನ ಸಂಕಟ ಎಲ್ಲಾ ಆ ಒಂಬತ್ತು ದಿನದ್ದು. 'ಯೋಚಿಸಬಹುದು' ಅಂದರೆ ಇಪ್ಪತ್ತರ ಹುಡುಗ ಏನು ತಿಳ್ಕೋಬೇಕು? ಕಾಲೇಜಿನವರು ಹಾಜರಿ ಕಡಿಮೆ ಆದರೆ ನಾವು ಜವಾಬ್ದಾರರಲ್ಲ ಅಂದರು. ಏಜೆಂಟು ಫೋನ್‌ನಲ್ಲಿ ಅದೇ, ಏನೂ ಆಗಲ್ಲ. ಟಿಕೆಟ್ 65,000 ರೂಪಾಯಿ ಆಗಿತ್ತು.

ಇನ್ನೊಂದು ಮಾತು ಇಲ್ಲಿವರೆಗೂ ಯಾರಿಗೂ ಹೇಳಿಲ್ಲ. 19ರ ರಾತ್ರಿ ಅವನು ನನಗೆ ಫೋನ್ ಮಾಡಿದ್ದ. "ದೊಡ್ಡವ್ವಾ, ಬಂದುಬಿಡ್ಲೇನು?" ಅಂತ ಕೇಳಿದ. "ಕ್ಲಾಸ್ ತಪ್ಪಿಸಬ್ಯಾಡಪ್ಪಾ, ಟಿವಿಯವರು ಹೆಚ್ಚು ಮಾಡಿ ತೋರಸ್ತಾರ" ಅಂದೆ ನಾನು. ತಂಗಿ ಇದನ್ನ ಓದ್ತಾಳೆ ಅಂತ ಗೊತ್ತಿದ್ದೇ ಬರೀತಿದ್ದೀನಿ.

ಆಮೇಲೆ ಅವನು ಹಾಸ್ಟೆಲ್‌ನ ನೆಲಮಾಳಿಗೆಯಲ್ಲಿ. ಚಾರ್ಜ್ ಉಳಿಸೋಕೆ ಆರು ತಾಸಿಗೊಂದು ಮೆಸೇಜು, ಒಂದೇ ಶಬ್ದ: "ಅದೀನಿ". ತಂಗಿ ರೊಟ್ಟಿ ಬಡಿಯುವಾಗಲೂ ಫೋನು ಹಿಟ್ಟಿನ ಪರಾತದ ಪಕ್ಕ. ಅದರ ಗಾಜಿನ ಮೇಲೆ ಜೋಳದ ಹಿಟ್ಟಿನ ಬೆರಳಚ್ಚು ಹಂಗೇ ಒಣಗಿರ್ತಿತ್ತು. ಮಾರ್ಚ್ 1ಕ್ಕೆ ಹಾವೇರಿ ಜಿಲ್ಲೆ ಚಳಗೇರಿಯ ಹುಡುಗ ಖಾರ್ಕಿವ್‌ನಲ್ಲೇ ಸಾಮಾನು ತರೋಕೆ ಹೋಗಿ ಸತ್ತ ಸುದ್ದಿ ಬಂತು. ಅವತ್ತು ಒಲೆ ಹಚ್ಚಲಿಲ್ಲ. ಮರುದಿನ, ಕೂಡಲೇ ಖಾರ್ಕಿವ್ ಬಿಡಿ, ಗಾಡಿ ಸಿಗದಿದ್ದರೆ ನಡೆದಾದರೂ ಹೋಗಿ ಅಂತ ಸೂಚನೆ. ನಮ್ಮ ಹುಡುಗ ಊರ ಹೊರಗಿನ ಪಿಸೋಚಿನ್‌ವರೆಗೆ ನಡೆದ. ನಮ್ಮ ಸರ್ಕಾರ ನಡೆಸಿದ ಆಪರೇಷನ್ ಗಂಗಾದಲ್ಲಿ 22,000ಕ್ಕೂ ಹೆಚ್ಚು ಜನ ಊರು ಸೇರಿದರು, ನಮ್ಮವನೂ ಸೇರಿದ. ಕರ್ಕೊಂಡು ಬಂದವರಿಗೆ ಸಾಯೋತನಕ ಋಣಿ. ಆದರೆ ಬಾಂಬು ಬಿದ್ದ ಮೇಲೆ ಹೊರಡೋದು ಬೇರೆ, ಬೀಳೋ ಮೊದಲೇ ಹೊರಡೋದು ಬೇರೆ.

"ಇಲ್ಲೇ ಓದಿದ್ರ ಏನಾಗ್ತಿತ್ತು" ಅನ್ನೋರು ಈಗ ಬರ್ತಾರೆ. ಇಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಜಿಮ್ಸ್ ಇದೆ, ಬೀದರಲ್ಲಿ ಬ್ರಿಮ್ಸ್ ಇದೆ, ಯಾದಗಿರಿಯಲ್ಲೂ ಆಯ್ತು, ನಮ್ಮ ಭಾಗದವರಿಗೆ ಸೀಟು ಮೀಸಲಿಡೋ 371(ಜೆ) ಇದೆ ಅಂತಾರೆ. ಎಲ್ಲಾ ಇವೆ, ಒಪ್ಪಿದೆ. ಸರ್ಕಾರಿ ಸೀಟು ಕೈತಪ್ಪಿದ ಹುಡುಗನ ಅಪ್ಪನ ಮುಂದೆ ಖಾಸಗಿ ಕಾಲೇಜಿನ ಫೀಸಿನ ಚೀಟಿ ಇಟ್ಟು ಈ ಮಾತು ಆಡಿ ನೋಡಿ. ಹೋಗೋರು ಹೋಗೇ ಹೋಗ್ತಾರೆ. ಹೋದವರು ಹೆಂಗೆ ವಾಪಸ್ ಬರಬೇಕು ಅನ್ನೋದೇ ನನ್ನ ಪ್ರಶ್ನೆ.

ಹುಡುಗರು ಹೊರಡೋಕೆ ಹಿಂಜರಿಯೋದು ಮೂರ್ಖತನದಿಂದಲ್ಲ. 2021ರ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ನಿಯಮದ ಪ್ರಕಾರ ಕನಿಷ್ಠ 54 ತಿಂಗಳ ಓದು ಅದೇ ಸಂಸ್ಥೆಯಲ್ಲೇ ಮುಗಿಸಬೇಕು. ಕ್ಲಾಸು ಬಿಟ್ಟು ಬಂದರೆ ನಾಳೆ ಡಿಗ್ರಿಗೆ ಬೆಲೆ ಇರುತ್ತೋ ಇಲ್ಲವೋ ಅನ್ನೋ ಭಯ ಅವರ ಕಾಲು ಕಟ್ಟುತ್ತೆ. ರಾಯಭಾರ ಕಚೇರಿಯ ಸೂಚನೆ ಪಾಲಿಸಿ ಬಂದವನ ಹಾಜರಿಗೆ, ಪರೀಕ್ಷೆಗೆ ಧಕ್ಕೆ ಆಗಲ್ಲ ಅಂತ ಮೊದಲೇ ಬರೆದುಕೊಡಲಿ. ಯುದ್ಧ ಶುರುವಾದ ಮೇಲೆ ವಿನಾಯಿತಿ ಹುಡುಕೋದಲ್ಲ.

ಎಲ್ಲಾ ಕಡೆ ಓಡಿ ಬರೋದೇ ದಾರಿ ಅಂತಲೂ ಅಲ್ಲ. 2024ರ ಮೇನಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಗುಂಪು ಹಾಸ್ಟೆಲಿಗೆ ನುಗ್ಗಿದಾಗ ನಮ್ಮ ರಾಯಭಾರ ಕಚೇರಿಯವರು ಒಳಗೇ ಇರಿ ಅಂದರು, ಅದೇ ಸರಿ ಇತ್ತು. 2025ರ ಜೂನ್‌ನಲ್ಲಿ ಇರಾನ್ ಆಕಾಶ ಮುಚ್ಚಿತು, ಉರ್ಮಿಯಾದ 110 ವಿದ್ಯಾರ್ಥಿಗಳನ್ನ ರಸ್ತೆ ಮೇಲೆ ಅರ್ಮೇನಿಯಾಕ್ಕೆ ದಾಟಿಸಿ ದೆಹಲಿಗೆ ತಂದರು. ಯಾವ ಗಡಿ ಹತ್ತಿರ, ಅಲ್ಲಿ ವೀಸಾ ಬೇಕೋ ಬೇಡವೋ ಅನ್ನೋದು ಸೀಟು ಮಾಡಿಸೋ ದಿನವೇ ಗೊತ್ತಿರಬೇಕು.

ಸಭೆ ಮುಗಿದ ಮೇಲೆ ಆ ಹಿರಿಯರು ಮೆಟ್ಟಿಲ ಹತ್ತಿರ ನಿಂತಿದ್ದರು. ಅವರ ಕೈಯಲ್ಲಿದ್ದ ಬಣ್ಣದ ಹಾಳೆ ಇಸ್ಕೊಂಡು ಹಿಂದುಗಡೆ ಬರೆದುಕೊಟ್ಟೆ. ಅಲ್ಲಿ ಹೋಗಿ ಇಳಿದ ಮೊದಲ ವಾರದಲ್ಲೇ ರಾಯಭಾರ ಕಚೇರಿಯಲ್ಲೂ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲೂ ಹೆಸರು ನೋಂದಾಯಿಸಬೇಕು. ಪಾಸ್‌ಪೋರ್ಟ್ ಏಜೆಂಟರ ಕೈಯಲ್ಲಿ ಬಿಡಬಾರದು. ಸ್ವಲ್ಪ ಡಾಲರ್ ನಗದು ಯಾವಾಗಲೂ ಹತ್ತಿರ ಇರಲಿ, ನಮ್ಮ ಹುಡುಗನ ಕಾರ್ಡ್ ಖಾರ್ಕಿವ್‌ನಲ್ಲಿ ಮೂರನೇ ದಿನಕ್ಕೆ ನಡೀಲಿಲ್ಲ. ವಾಪಸ್ ಟಿಕೆಟ್ಟಿನ ದುಡ್ಡು ಬ್ಯಾಂಕಿನಲ್ಲಿ ಬೇರೆ ಎತ್ತಿಡಿ, ಅದನ್ನ ಫೀಸಿಗೆ ಮುಟ್ಟಬೇಡಿ. ಕೊನೆಯ ಸಾಲು ದಪ್ಪ ಅಕ್ಷರದಲ್ಲಿ ಬರೆದೆ: ಮಗಳು "ಬರ್ಲೇನು" ಅಂದರೆ "ಬಾ" ಅನ್ನಿ.

ಬರೋ ಭಾನುವಾರ ಇದೇ ಸಭೆ ಬೀದರಿನಲ್ಲಂತೆ. ನಿಮ್ಮಲ್ಲಿ ಯಾರಾದರೂ ಹೋದರೆ ಆ ಹಿರಿಯರ ಪ್ರಶ್ನೆಯನ್ನೇ ಮತ್ತೆ ಕೇಳಿ, ಉತ್ತರ ಬರೋವರೆಗೂ ಕೂತ್ಕೋಬೇಡಿ. ಏನಂದರು ಅಂತ ಇಲ್ಲಿ ಬರೀರಿ.